ನಿಮ್ಮ ತಾಲೂಕು ಎಷ್ಟನೇ ಪುಟದಲ್ಲಿದೆ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ರಾಜಕೀಯ ನಾಯಕರ ಪುಸ್ತಕಗಳ ಬಗ್ಗೆಯೇ. ಕಾರವಾರದ ಕಾಲೇಜು ಲೈಬ್ರರಿಯಲ್ಲಿ ಕೂತಿದ್ದಾಗಲೂ ಇಂಥ ಕಾಲ ಆಗಾಗ ಬರುತ್ತಿತ್ತು. ಚುನಾವಣೆಯ ಪ್ರಚಾರ ಶುರುವಾದರೆ ಜೀವನಚರಿತ್ರೆಯ ಕಪಾಟು ಖಾಲಿ. ಫಲಿತಾಂಶದ ಮರುದಿನ ಅರ್ಧ ಪುಸ್ತಕ ವಾಪಸ್, ಅದೂ ಸೋತವರದ್ದು ಮೊದಲು. ನಾನು ಇತಿಹಾಸದ ಪಂಡಿತೆ ಅಲ್ಲ. ಪುಸ್ತಕ ಕೊಟ್ಟು, ತಗೊಂಡು, ಧೂಳು ಒರೆಸಿ, ನಡುವೆ ಓದಿಕೊಂಡವಳು. ಉತ್ತರಗಳನ್ನು ಆ ಲೆಕ್ಕದಲ್ಲೇ ತಗೊಳ್ಳಿ.

ಪ್ರಶ್ನೆ: ಗಾಂಧೀಜಿ ಆತ್ಮಕಥೆ ಪೂರ್ತಿ ಓದಿದೆ. ದಂಡಿ ಯಾತ್ರೆಯೂ ಇಲ್ಲ, ನಮ್ಮೂರಿನ ಉಪ್ಪಿನ ಸತ್ಯಾಗ್ರಹವೂ ಇಲ್ಲ. ನನ್ನ ಪ್ರತಿಯಲ್ಲಿ ಪುಟ ಬಿಟ್ಟುಹೋಗಿವೆಯೇ?
(ಪದವಿ ವಿದ್ಯಾರ್ಥಿನಿ, ಅಂಕೋಲಾ)

ಪುಟ ಸರಿಯಾಗಿಯೇ ಇವೆ. ಗಾಂಧೀಜಿ ಆ ಪುಸ್ತಕವನ್ನು ಗುಜರಾತಿಯಲ್ಲಿ, ‘ನವಜೀವನ’ ವಾರಪತ್ರಿಕೆಗೆ ಕಂತು ಕಂತಾಗಿ ಬರೆದರು. 1925ರ ಕೊನೆಗೆ ಶುರುವಾಗಿ 1929ರ ಆರಂಭಕ್ಕೆ ಮುಗಿಯಿತು. ಕಥೆ ನಿಲ್ಲುವುದು 1920ರ ನಾಗಪುರ ಕಾಂಗ್ರೆಸ್ ಅಧಿವೇಶನದ ಹತ್ತಿರ. ಅಲ್ಲಿಂದ ಮುಂದಿನ ನನ್ನ ಬದುಕೆಲ್ಲ ಜನರ ಕಣ್ಣೆದುರೇ ನಡೆದಿದೆ, ಅವರಿಗೆ ಗೊತ್ತಿಲ್ಲದ್ದು ಏನೂ ಉಳಿದಿಲ್ಲ ಎಂಬ ಅರ್ಥದ ಮಾತು ಬರೆದು ಅವರು ನಿಲ್ಲಿಸಿದರು. ದಂಡಿ ನಡೆದದ್ದು 1930ರಲ್ಲಿ. ಹಾಗಾಗಿ ದಂಡಿ ಇಲ್ಲ, ಕ್ವಿಟ್ ಇಂಡಿಯಾ ಇಲ್ಲ, ದೇಶ ವಿಭಜನೆಯೂ ಇಲ್ಲ. ಗಾಂಧಿ ಬಗ್ಗೆ ಮಾತಾಡುವವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಪುಸ್ತಕ ಮುಗಿಸಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಇದು. ಶಾಭಾಸ್.

ಈಗ ಅಂಕೋಲೆಗೆ ಬರೋಣ. ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ್ದು ಏಪ್ರಿಲ್ 6ಕ್ಕೆ. ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಕಾನೂನು ಮುರಿದದ್ದು ಏಪ್ರಿಲ್ 13ಕ್ಕೆ. ಅದು 1919ರಲ್ಲಿ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ ನಡೆದ ದಿನ. 6ರಿಂದ 13ರವರೆಗೆ ಕಾಂಗ್ರೆಸ್ಸಿನವರು ಪ್ರತಿ ವರ್ಷ ರಾಷ್ಟ್ರೀಯ ಸಪ್ತಾಹ ಮಾಡುತ್ತಿದ್ದರು. ಈ ಎರಡು ತಾರೀಖನ್ನು ಜೋಡಿಸದೆ ‘ನಂತರ ಕರ್ನಾಟಕದಲ್ಲೂ ಸತ್ಯಾಗ್ರಹ ನಡೆಯಿತು’ ಎಂದು ಒಂದೇ ಸಾಲಲ್ಲಿ ದಾಟಿಹೋಗುವ ಪುಸ್ತಕ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಸಾಣಿಕಟ್ಟೆಯ ಉಪ್ಪಿನ ಆಗರ ನಮ್ಮ ಬಾಗಿಲಲ್ಲೇ ಇದೆ. ಉಪ್ಪು ಬೆಳೆಯುವ ಊರಿನವರೇ ಉಪ್ಪಿಗೆ ತೆರಿಗೆ ಕೊಡಬೇಕಾಗಿತ್ತು. ಹಾಗಾಗಿ ಇಲ್ಲಿಯ ಜನಕ್ಕೆ ಅದು ದೂರದ ಗುಜರಾತಿನ ಸುದ್ದಿ ಆಗಿರಲಿಲ್ಲ.

ಮುಂದಿನದು ಇನ್ನೂ ದೊಡ್ಡದು. ಅಂಕೋಲಾ ಮತ್ತು ಸಿದ್ದಾಪುರ ತಾಲೂಕಿನ ರೈತರು 1930ರ ದಶಕದ ಆರಂಭದಲ್ಲಿ ಕಂದಾಯ ಕೊಡುವುದಿಲ್ಲ ಎಂದು ಕೂತರು. ಸರ್ಕಾರ ಜಮೀನು ಜಪ್ತಿ ಮಾಡಿತು, ಪಾತ್ರೆ ಪಗಡೆ ಹರಾಜು ಹಾಕಿತು. ಜಪ್ತಿ ಮಾಲು ಕೊಂಡವರ ಮನೆ ಮುಂದೆ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕೂತರು. 1937ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಕಾಂಗ್ರೆಸ್ ಸರ್ಕಾರ ಬಂದ ಮೇಲೆಯೇ ಕಳೆದ ಜಮೀನು ವಾಪಸ್ ಕೊಡಿಸುವ ಕೆಲಸ ಶುರುವಾದದ್ದು. ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಅಂತ ಹೆಸರು ಬಂದದ್ದು ಸುಮ್ನೆ ಅಲ್ಲ.

ಸರ್ದಾರ್ ಪಟೇಲರ ಯಾವುದೇ ಜೀವನಚರಿತ್ರೆಯಲ್ಲಿ 1928ರಲ್ಲಿ ಗುಜರಾತಿನ ಬಾರ್ಡೋಲಿಯ ರೈತರು ಮಾಡಿದ ಕರನಿರಾಕರಣೆಗೆ ಒಂದು ಇಡೀ ಅಧ್ಯಾಯ ಇರುತ್ತದೆ. ಇರಲೇಬೇಕು, ಅಲ್ಲಿ ಪಟೇಲರೇ ನಿಂತಿದ್ದರು. ಅಂಕೋಲೆಯಲ್ಲಿ ಅಂಥ ದೇಶದ ನಾಯಕ ಯಾರೂ ನಿಂತಿರಲಿಲ್ಲ. ಅದಕ್ಕೇ ಅದು ಯಾರ ಜೀವನಚರಿತ್ರೆಯಲ್ಲೂ ಸರಿಯಾಗಿ ಕೂರುವುದಿಲ್ಲ. ನಿಮಗೆ ಬೇಕಾದದ್ದು ಜಿ.ಎಸ್. ಹಾಲಪ್ಪ ಸಂಪಾದಿಸಿದ ಕರ್ನಾಟಕ ಸ್ವಾತಂತ್ರ್ಯ ಚಳವಳಿಯ ಇತಿಹಾಸ. ಇಂಗ್ಲಿಷಿನಲ್ಲಿದೆ, ಆಗಿನ ಮೈಸೂರು ಸರ್ಕಾರ 1964ರಲ್ಲಿ ತಂದದ್ದು. ಎರಡನೇ ಸಂಪುಟ ಕೇಳಿ. ಓದಲು ಸ್ವಲ್ಪ ಒಣ. ಆದರೆ ಊರಿನ ಹೆಸರುಗಳು ಅಲ್ಲಿ ಸಿಗುತ್ತವೆ.

ಪ್ರಶ್ನೆ: ರಾಮಕೃಷ್ಣ ಹೆಗಡೆಯವರ ಬಗ್ಗೆ ನಮ್ಮ ಕಡೆ ಅಭಿಮಾನಿಗಳು ಬರೆದ ಪುಸ್ತಕ, ಲೇಖನ ಬೇಕಾದಷ್ಟು. ಓದಿದರೆ ಎಲ್ಲ ಒಂದೇ ಥರ. ಹೊಗಳಿಕೆಯನ್ನೂ ಚರಿತ್ರೆಯನ್ನೂ ಬೇರೆ ಮಾಡುವುದು ಹೇಗೆ?
(ಅಡಿಕೆ ವ್ಯಾಪಾರಿ, ಶಿರಸಿ)

ನಾನು ಮೊದಲು ನೋಡುವುದು ಕಷ್ಟದ ವರ್ಷಗಳನ್ನು. ಗೆದ್ದ ವರ್ಷವನ್ನು ಯಾರು ಬೇಕಾದರೂ ಚೆನ್ನಾಗಿ ಬರೆಯುತ್ತಾರೆ. ಹೆಗಡೆಯವರ ವಿಷಯದಲ್ಲಿ ನಾನು ಸೀದಾ 1986 ಮತ್ತು 1988ಕ್ಕೆ ಹೋಗುತ್ತೇನೆ. 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಚಾರದಲ್ಲಿ ಹೈಕೋರ್ಟ್ ಟೀಕೆ ಮಾಡಿತು. ಅವರು ರಾಜೀನಾಮೆ ಕೊಟ್ಟರು, ಆಮೇಲೆ ವಾಪಸ್ ತಗೊಂಡರು. 1988ರ ಆಗಸ್ಟಿನಲ್ಲಿ ಟೆಲಿಫೋನ್ ಕದ್ದಾಲಿಕೆ ಗಲಾಟೆಯಲ್ಲಿ ಮುಖ್ಯಮಂತ್ರಿ ಸ್ಥಾನವನ್ನೇ ಬಿಟ್ಟರು. ಈ ಎರಡಕ್ಕೆ ನಿಮ್ಮ ಪುಸ್ತಕ ಎಷ್ಟು ಪುಟ ಕೊಟ್ಟಿದೆ? ‘ವಿರೋಧಿಗಳ ಪಿತೂರಿ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದೆಯೇ? ಹಾಗಿದ್ದರೆ ಅದನ್ನು ಅಭಿನಂದನಾ ಗ್ರಂಥದ ಸಾಲಿನಲ್ಲಿಡಿ. ಅದಕ್ಕೂ ಮನೆಯಲ್ಲಿ ಜಾಗ ಇರಲಿ, ಫೋಟೋ ಚೆನ್ನಾಗಿರುತ್ತವೆ.

ಇನ್ನೊಂದು ಕಡೆ ಉಲ್ಟಾ ತಪ್ಪು ನಡೆಯುತ್ತದೆ. ಕೆಲವು ಪತ್ರಕರ್ತರ ಪುಸ್ತಕದಲ್ಲಿ ಹೆಗಡೆ ಅಂದರೆ ಬರೀ ಫೋನು ಮತ್ತು ರಾಜೀನಾಮೆ. ಅವರು ಹೇಗೆ ಬಂದರು ಅನ್ನುವುದೇ ಇಲ್ಲ. 1983ರ ಜನವರಿಯಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು 95 ಸೀಟು. ಬಿಜೆಪಿಯ 18 ಮತ್ತು ಎಡಪಕ್ಷಗಳ ಬೆಂಬಲ ಹಿಡಿದು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಮಾಡಿದರು. 1984ರ ಲೋಕಸಭೆಯಲ್ಲಿ 28ಕ್ಕೆ 24 ಕಾಂಗ್ರೆಸ್ಸಿಗೆ ಹೋಯಿತು, ಜನತಾಕ್ಕೆ ಉಳಿದದ್ದು 4. ಜನ ನನ್ನ ಮೇಲೆ ಭರವಸೆ ಕಳಕೊಂಡಿದ್ದಾರೆ ಎಂದು ವಿಧಾನಸಭೆಯನ್ನೇ ವಿಸರ್ಜಿಸಿದರು. ಕೆಲವೇ ತಿಂಗಳಲ್ಲಿ, 1985ರಲ್ಲಿ, ಅದೇ ಜನ 224ರಲ್ಲಿ 139 ಕೊಟ್ಟರು. ದಿಲ್ಲಿಗೆ ಒಬ್ಬರು, ಬೆಂಗಳೂರಿಗೆ ಒಬ್ಬರು ಎಂದು ಮತದಾರ ಬೇರೆ ಬೇರೆಯಾಗಿ ಯೋಚಿಸುತ್ತಾನೆ ಅನ್ನುವುದಕ್ಕೆ ಇವತ್ತಿಗೂ ಕೊಡುವ ಉದಾಹರಣೆ ಇದು. ಇದನ್ನು ಬಿಟ್ಟು ಹೆಗಡೆ ಚರಿತ್ರೆ ಬರೆಯಲು ಆಗುವುದಿಲ್ಲ.

ಒಳ್ಳೆಯ ಹೆಗಡೆ ಪುಸ್ತಕ ಅಂದರೆ ನನ್ನ ಲೆಕ್ಕದಲ್ಲಿ ಅಬ್ದುಲ್ ನಜೀರ್ ಸಾಬ್ ಇರಬೇಕು. ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅನ್ನಿಸಿಕೊಂಡ ಮಂತ್ರಿ. ಜಿಲ್ಲಾ ಪರಿಷತ್, ಮಂಡಲ ಪಂಚಾಯ್ತಿ ವ್ಯವಸ್ಥೆ ಹುಟ್ಟಿದ್ದು ಅವರ ಹಟದಿಂದ. 1987ರ ಜನವರಿಯಲ್ಲಿ ಚುನಾವಣೆ ನಡೆದಾಗ ಹೆಂಗಸರಿಗೆ ಶೇಕಡ 25 ಸೀಟು ಮೀಸಲಿತ್ತು. ದೇಶದ ಸಂವಿಧಾನಕ್ಕೆ ಅಂಥ ಮಾತು ಬರಲು ಇನ್ನೂ ಐದಾರು ವರ್ಷ ಬೇಕಾಯಿತು. ನಾಯಕನ ಜೊತೆ ಕೆಲಸ ಮಾಡಿದವರಿಗೆ ಒಂದು ಅಧ್ಯಾಯ ಕೊಡಲು ಮನಸ್ಸಿಲ್ಲದ ಲೇಖಕನನ್ನು ನಾನು ನಂಬುವುದಿಲ್ಲ.

ಆಮೇಲೆ ನಮ್ಮ ಕಡೆಯವರ ಪ್ರಶ್ನೆ ಒಂದು. ಸಿದ್ದಾಪುರದ ದೊಡ್ಮನೆಯವರು ಮುಖ್ಯಮಂತ್ರಿ ಆದಾಗ ಶಾಸಕರಾಗಿ ಬಂದದ್ದು ಕನಕಪುರದಿಂದ, 1985ರಲ್ಲಿ ಗೆದ್ದದ್ದು ಬಸವನಗುಡಿಯಿಂದ. ಊರಿಗೂ ಕ್ಷೇತ್ರಕ್ಕೂ ಇಷ್ಟು ದೂರ ಯಾಕಾಯಿತು? ಇದಕ್ಕೆ ಉತ್ತರ ಹುಡುಕಿದ ಪುಸ್ತಕ ಸಿಕ್ಕರೆ ಕಣ್ಣುಮುಚ್ಚಿ ಕೊಳ್ಳಿ.

ಪ್ರಶ್ನೆ: ಹಿಂಬದಿಯ ರಟ್ಟಿನ ಮೇಲೆ ‘ಇಷ್ಟು ದಿನ ಮುಚ್ಚಿಟ್ಟ ಸತ್ಯ’ ಎಂದು ಹಾಕಿದ್ದಾರೆ. ಕೊಳ್ಳಲೇ?
(ಯಲ್ಲಾಪುರ)

ಯಾರು ಮುಚ್ಚಿಟ್ಟರು, ಎಲ್ಲಿ ಮುಚ್ಚಿಟ್ಟರು, ಇವರಿಗೆ ಹೇಗೆ ಸಿಕ್ಕಿತು? ಮೊದಲ ಅಧ್ಯಾಯದಲ್ಲಿ ಈ ಮೂರಕ್ಕೂ ಉತ್ತರ ಇದ್ದರೆ ಕೊಳ್ಳಿ. ಇಲ್ಲದಿದ್ದರೆ ಆ ದುಡ್ಡಲ್ಲಿ ಎರಡು ಊಟ ಆಗುತ್ತದೆ.

ಪ್ರಶ್ನೆ: ನೆಹರೂ, ಕೃಷ್ಣ ಮೆನನ್ ಬಗ್ಗೆ ಎರಡು ದಪ್ಪ ಪುಸ್ತಕ ಓದಿದೆ. ಗೋವಾ ವಿಮೋಚನೆಗೆ ಕೆಲವು ಪುಟ. ಅದರಲ್ಲಿ ಕಾರವಾರ ಒಂದೇ ಸಾಲು. ಇಲ್ಲಿಯ ಬಂದರಿನ ಪಕ್ಕದ ಬೈತಖೋಲದ ಹಿರಿಯರ ಬಾಯಲ್ಲಿ ಕೇಳಿದ್ದು ಒಂದೂ ಇಲ್ಲ. ಯಾಕೆ ಹೀಗೆ?
(ಬಂದರಿನಲ್ಲಿ ಕೆಲಸ ಮಾಡುವವರು, ಕಾರವಾರ)

ದಿಲ್ಲಿಯಲ್ಲಿ ಕೂತು ಬರೆದರೆ ಗೋವಾ ಅಂದರೆ ಕಾಗದಪತ್ರ. ಅಮೆರಿಕದವರು ಏನು ಹೇಳಿದರು, ಭದ್ರತಾ ಮಂಡಳಿಯಲ್ಲಿ ಸೋವಿಯತ್ ರಷ್ಯಾ ಹೇಗೆ ವೀಟೋ ಹಾಕಿತು, ಅದೆಲ್ಲ. ಆಗಿನ ರಕ್ಷಣಾ ಮಂತ್ರಿ ಮೆನನ್ ಜೀವನಚರಿತ್ರೆ ಆದರೆ ಇನ್ನೊಂದು ಸೇರುತ್ತದೆ. 1962ರ ಆರಂಭದಲ್ಲಿ ಅವರು ಉತ್ತರ ಮುಂಬೈಯಲ್ಲಿ ಆಚಾರ್ಯ ಕೃಪಲಾನಿ ಎದುರು ಚುನಾವಣೆಗೆ ನಿಂತಿದ್ದರು. ಆ ಚುನಾವಣೆಗಾಗಿಯೇ ಗೋವಾಕ್ಕೆ ಸೈನ್ಯ ಕಳಿಸಿದರು ಎಂದು ಟೀಕಿಸುವವರು ಆಗಲೇ ಇದ್ದರು. ಲೇಖಕರಿಗೆ ಈ ಜಗಳ ಬಲು ಇಷ್ಟ.

ಕಾರವಾರದಿಂದ ನೋಡಿದರೆ ಕಥೆ ಅಂಜದೀವಿನಿಂದ ಶುರುವಾಗುತ್ತದೆ. ಈಗ ಆ ದ್ವೀಪ ನೌಕಾನೆಲೆಯ ಒಳಗಿದೆ, ಸಮುದ್ರದೊಳಗಿನ ಕಲ್ಲಿನ ಒಡ್ಡು ಅದನ್ನು ನೆಲಕ್ಕೆ ಸೇರಿಸಿದೆ. ಹುಡುಗರಿಗೆ ಅದು ದ್ವೀಪ ಅಂತ ಹೇಳಿದರೂ ನಂಬುವುದಿಲ್ಲ. ವಾಸ್ಕೋ ಡ ಗಾಮ 1498ರಲ್ಲೇ ಅಲ್ಲಿ ಹಡಗು ನಿಲ್ಲಿಸಿದ್ದ. ಪೋರ್ಚುಗೀಸರು 1505ರಲ್ಲಿ ಕೋಟೆ ಕಟ್ಟಿದರು. ನಮ್ಮ ದಂಡೆಗೆ ಕೂಗಿದರೆ ಕೇಳುವಷ್ಟು ಹತ್ತಿರ ಇದ್ದರೂ ಇವತ್ತಿಗೂ ಅದು ಆಡಳಿತದಲ್ಲಿ ಗೋವಾದ್ದು.

1961ರ ನವೆಂಬರಿನಲ್ಲಿ ಅಲ್ಲಿಂದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಅದೇ ದಿನಗಳಲ್ಲಿ ಮೀನು ಹಿಡಿಯಲು ಹೋದವನೊಬ್ಬ ಗುಂಡಿಗೆ ಬಲಿಯಾದ. ಸಮುದ್ರಕ್ಕೆ ದೋಣಿ ಇಳಿಸಲು ಹೆದರುವ ಸ್ಥಿತಿ ಬಂತು. ದಿಲ್ಲಿಯಲ್ಲಿ ವರ್ಷಗಟ್ಟಲೆ ಎಳೆದಾಡುತ್ತಿದ್ದ ವಿಷಯ ಇದಾದ ಒಂದು ತಿಂಗಳಲ್ಲಿ ಮುಗಿಯಿತು. ಡಿಸೆಂಬರ್ 18ಕ್ಕೆ ಐಎನ್‌ಎಸ್ ತ್ರಿಶೂಲ್, ಐಎನ್‌ಎಸ್ ಮೈಸೂರ್ ಹಡಗುಗಳು ಅಂಜದೀವಿಗೆ ಹೋದವು. ದಡಕ್ಕೆ ಇಳಿದ ನಾವಿಕರಲ್ಲಿ ಏಳು ಮಂದಿ ಸತ್ತರು. ಅವರ ಸ್ಮಾರಕ ದ್ವೀಪದಲ್ಲೇ ಇದೆ. ಇಡೀ ಗೋವಾ ಕಾರ್ಯಾಚರಣೆ ಒಂದೂವರೆ ದಿನದಲ್ಲಿ ಮುಗಿಯಿತು ಎಂದು ಪುಸ್ತಕಗಳು ಹೆಮ್ಮೆಯಿಂದ ಬರೆಯುತ್ತವೆ. ಕಷ್ಟದ ಹೋರಾಟ ನಡೆದ ಕೆಲವೇ ಜಾಗಗಳಲ್ಲಿ ಒಂದು ನಮ್ಮ ಎದುರಿಗಿನ ಈ ತುಂಡು ನೆಲ ಎಂದು ಬರೆಯುವವರು ಕಡಿಮೆ.

ಹಾಗಂತ ನೆಹರೂ ಜೀವನಚರಿತ್ರೆಯಲ್ಲಿ ಬೈತಖೋಲದ ಮಾತೆಲ್ಲ ಬರಲಿ ಅನ್ನುವುದು ಸರಿಯಲ್ಲ. ಹದಿನೇಳು ವರ್ಷ ಪ್ರಧಾನಿಯಾಗಿದ್ದವರ ಬದುಕಿನಲ್ಲಿ ನಮಗೆ ಸಿಗುವುದು ಅಷ್ಟೇ. ನನ್ನ ತಕರಾರು ಬೇರೆ. ‘ಮೀನುಗಾರರ ಮೇಲಿನ ದಾಳಿ ಒಂದು ನೆಪ’ ಎಂದು ಒಬ್ಬರು ಬರೆಯುತ್ತಾರೆ, ‘ತಡೆಯಲಾರದ ಪ್ರಚೋದನೆ’ ಎಂದು ಇನ್ನೊಬ್ಬರು. ಇಬ್ಬರೂ ಕಾರವಾರಕ್ಕೆ ಬಂದು ಕೇಳಿದವರಲ್ಲ. ಹಾಗಾಗಿ ಯಾವ ದೊಡ್ಡ ಪುಸ್ತಕ ತೆಗೆದರೂ ನನಗೆ ಚೆನ್ನಾಗಿ ಗೊತ್ತಿರುವ ಒಂದು ಜಾಗವನ್ನು ಮೊದಲು ಹುಡುಕುತ್ತೇನೆ. ಕಾರವಾರ, ಅಂಜದೀವು, ಅಂಕೋಲಾ, ಸಿದ್ದಾಪುರ. ಆ ಅರ್ಧ ಪುಟ ಸರಿಯಾಗಿದ್ದರೆ ಉಳಿದ ಐನೂರು ಪುಟಕ್ಕೂ ಸ್ವಲ್ಪ ಮರ್ಯಾದೆ ಕೊಡುತ್ತೇನೆ. ಕನ್ನಡದಲ್ಲಿ ಬರುವ ಜನಪ್ರಿಯ ಇತಿಹಾಸಗಳಲ್ಲಿ ಈ ಪರೀಕ್ಷೆ ಮಾಡುವುದೇ ಕಷ್ಟ, ಕೊನೆಯಲ್ಲಿ ಹೆಸರುಗಳ ಅಕಾರಾದಿ ಪಟ್ಟಿಯೇ ಇರುವುದಿಲ್ಲ. ಎಂಟು ಪುಟ ಕಾಗದ ಉಳಿಸಲು ಹೋಗಿ ಇಡೀ ಪುಸ್ತಕವನ್ನು ಕುರುಡು ಮಾಡುತ್ತಾರೆ. ಪ್ರಕಾಶಕರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಕೇಳಿಸಿಕೊಳ್ಳಿ.

ನೀವು ಬೈತಖೋಲದ ಹಿರಿಯರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಡಿ. ಯಾರು ಹೇಳಿದ್ದು, ಆಗ ಅವರ ವಯಸ್ಸೆಷ್ಟು, ಕಣ್ಣಾರೆ ಕಂಡದ್ದೋ ಕೇಳಿದ್ದೋ, ಇದನ್ನೂ ಜೊತೆಗೇ ಬರೆದಿಡಿ. 1961ರಲ್ಲಿ ಇಪ್ಪತ್ತು ದಾಟಿದ್ದವರಿಗೆ ಈಗ ಎಂಬತ್ತರ ಮೇಲಾಯಿತು.

ಪ್ರಶ್ನೆ: ನಾಯಕರು ತಮ್ಮ ಪುಸ್ತಕ ತಾವೇ ಬರೆಯುತ್ತಾರಾ, ಅಥವಾ ಬೇರೆಯವರು ಬರೆದುಕೊಡುತ್ತಾರಾ?
(ಭಟ್ಕಳ)

ಎರಡೂ ಇದೆ, ನಡುವಿನದೂ ಇದೆ. ನೆಹರೂ ಜೈಲಲ್ಲಿ ಕೂತು ತಾವೇ ಬರೆದರು. ಆತ್ಮಕಥೆ ಬರೆದದ್ದು 1934–35ರಲ್ಲಿ, ಬಂಧನದಲ್ಲೇ. ‘ಡಿಸ್ಕವರಿ ಆಫ್ ಇಂಡಿಯಾ’ 1944ರಲ್ಲಿ ಅಹಮದ್‌ನಗರ ಕೋಟೆಯಲ್ಲಿ. ಜೊತೆಗಿದ್ದ ಕೈದಿಗಳೇ ಅವರಿಗೆ ಚರ್ಚೆಗೆ ಸಿಕ್ಕ ವಿದ್ವಾಂಸರು. ಅಬುಲ್ ಕಲಾಂ ಆಜಾದರೂ ಅಲ್ಲೇ ಇದ್ದರು.

ಆಜಾದರ ‘ಇಂಡಿಯಾ ವಿನ್ಸ್ ಫ್ರೀಡಂ’ ಬೇರೆ ಥರ. ಅವರು ಉರ್ದುವಿನಲ್ಲಿ ಹೇಳುತ್ತಿದ್ದರು, ಹುಮಾಯೂನ್ ಕಬೀರ್ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಸುಮಾರು ಮೂವತ್ತು ಪುಟ ಮೂವತ್ತು ವರ್ಷ ತೆರೆಯಬಾರದು ಎಂದು ಮೊಹರು ಹಾಕಿಟ್ಟರು. ಆಜಾದ್ ತೀರಿಕೊಂಡದ್ದು 1958ರಲ್ಲಿ, ಪುಸ್ತಕ ಬಂದದ್ದು 1959ರಲ್ಲಿ, ಮುಚ್ಚಿಟ್ಟ ಪುಟಗಳು ಹೊರಗೆ ಬಂದದ್ದು 1988ರಲ್ಲಿ. ಅಷ್ಟು ಕಾದವರಿಗೆ ನಿರಾಸೆಯೇ ಜಾಸ್ತಿ ಆಯಿತು. ಜೊತೆಗಾರರ ಬಗ್ಗೆ ಖಾರ ಇತ್ತು, ಆದರೆ ದೇಶ ಅಲುಗಾಡುವ ಗುಟ್ಟು ಇರಲಿಲ್ಲ. ಯಲ್ಲಾಪುರದವರು ಇದನ್ನೂ ಓದಲಿ. ಯಾರು ಮುಚ್ಚಿಟ್ಟರು, ಎಲ್ಲಿಟ್ಟರು, ಯಾವಾಗ ತೆರೆದರು ಎಂದು ಎಲ್ಲಕ್ಕೂ ಲೆಕ್ಕ ಇರುವ ‘ಮುಚ್ಚಿಟ್ಟ ಸತ್ಯ’ ಹೀಗಿರುತ್ತದೆ.

ನನಗೆ ತುಂಬ ಇಷ್ಟವಾದ ಜೋಡಿ ಇನ್ನೊಂದಿದೆ. 1926ರಲ್ಲಿ ಬ್ಯಾರಿಸ್ಟರ್ ಸಾವರ್ಕರ್ ಜೀವನಚರಿತ್ರೆ ಒಂದು ಬಂತು, ಬರೆದವರು ‘ಚಿತ್ರಗುಪ್ತ’. ನಾಯಕನ ಧೈರ್ಯದ ವರ್ಣನೆ ಧಾರಾಳ. 1987ರಲ್ಲಿ ಮರುಮುದ್ರಣವಾದಾಗ ಮುನ್ನುಡಿಯಲ್ಲೇ ಹೇಳಿದರು, ಚಿತ್ರಗುಪ್ತ ಅಂದರೆ ಸಾವರ್ಕರರೇ. 1937ರಲ್ಲಿ ಕಲ್ಕತ್ತೆಯ ‘ಮಾಡರ್ನ್ ರಿವ್ಯೂ’ ಪತ್ರಿಕೆಯಲ್ಲಿ ‘ಚಾಣಕ್ಯ’ ಎಂಬ ಹೆಸರಲ್ಲಿ ಒಂದು ಲೇಖನ ಬಂತು. ಜವಾಹರಲಾಲನಿಗೆ ಜಂಬ ಇದೆ, ಹೀಗೇ ಬಿಟ್ಟರೆ ಸರ್ವಾಧಿಕಾರಿ ಆದಾನು, ಹುಷಾರು ಎಂದು ಎಚ್ಚರಿಸುವ ಲೇಖನ. ಬರೆದದ್ದು ನೆಹರೂ ಅವರೇ. ಒಬ್ಬರು ಬೇರೆ ಹೆಸರಲ್ಲಿ ತಮ್ಮನ್ನು ಹೊಗಳಿಕೊಂಡರು, ಇನ್ನೊಬ್ಬರು ಬೇರೆ ಹೆಸರಲ್ಲಿ ಬೈದುಕೊಂಡರು. ಇಬ್ಬರ ಅಭಿಮಾನಿಗಳೂ ಒಂದನ್ನೇ ಎತ್ತಿ ಇನ್ನೊಂದನ್ನು ಮರೆಯುತ್ತಾರೆ. ನನ್ನ ಕೇಳಿದರೆ, ತನ್ನ ಬಗ್ಗೆ ತಾನೇ ಅಷ್ಟು ಚೆಂದದ ಬೈಗುಳ ಬರೆಯಲಿಕ್ಕೂ ಸ್ವಲ್ಪ ಜಂಬ ಬೇಕು. ಹಾಗಂತ ಇಬ್ಬರನ್ನೂ ಓದದೆ ಬಿಡಿ ಎಂದಲ್ಲ. ತಾನು ಹೇಗೆ ಕಾಣಬೇಕು ಎಂದು ಆಸೆಪಟ್ಟ ಅನ್ನುವುದೂ ಆ ಮನುಷ್ಯನ ಚರಿತ್ರೆಯೇ ತಾನೆ?

ಪ್ರಶ್ನೆ: ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಬಗ್ಗೆ ಮಕ್ಕಳು ಪ್ರಾಜೆಕ್ಟ್ ಮಾಡುತ್ತಿದ್ದಾರೆ. ಎಲ್ಲರೂ ಕಾದಂಬರಿ ಮತ್ತು ವಿಡಿಯೋ ನೋಡಿಯೇ ಬರೆದು ತರುತ್ತಾರೆ. ಬೇಡ ಅನ್ನಲೇ?
(ಹೈಸ್ಕೂಲ್ ಶಿಕ್ಷಕಿ, ಹೊನ್ನಾವರ)

ಬೇಡ ಅನ್ನಬೇಡಿ. ಆ ರಾಣಿಯ ಹೆಸರನ್ನು ಮನೆಮನೆಗೆ ತಂದದ್ದು ಕಾದಂಬರಿ, ನಾಟಕ, ಭಾಷಣಗಳೇ. ಮಕ್ಕಳ ಹತ್ತಿರ ಒಂದೇ ಒಂದು ಕೆಲಸ ಮಾಡಿಸಿ. ಅವರು ಬರೆದುದರಲ್ಲಿ ರಾಣಿ ಬಾಯಿಬಿಟ್ಟು ಆಡಿದ ಮಾತು ಇದ್ದರೆ ಅದರ ಕೆಳಗೆ ಗೆರೆ ಎಳೆಯಲಿ. ಆ ಮಾತೆಲ್ಲ ಲೇಖಕರದ್ದು. ಗೆರೆ ಇಲ್ಲದೆ ಉಳಿದದ್ದನ್ನು ಹಿಡಿದು ಮುಂದೆ ಹೋಗಿ. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಅವರ ವ್ಯಾಪಾರದ ನೋಟ. ಅವರಿಗೆ ಬೇಕಾಗಿದ್ದದ್ದೂ ಅದೇ ಮೆಣಸು.

1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಹೊನ್ನಾವರದಿಂದ ದೋಣಿಯಲ್ಲಿ ಶರಾವತಿ ಹತ್ತಿ ಗೇರುಸೊಪ್ಪೆಗೆ ಬಂದ. ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕಾಣಲು ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ. ಹೊಳೆಯ ಚೆಲುವನ್ನು ಬಾಯ್ತುಂಬ ಹೊಗಳಿದ್ದಾನೆ. ಊರು ಆಗಲೇ ಹಾಳುಬಿದ್ದಿತ್ತು. ರಾಣಿಯ ಬಗ್ಗೆ ಅವನು ಬರೆದದ್ದು ದಾರಿಯಲ್ಲಿ ಕಿವಿಗೆ ಬಿದ್ದ ಕಥೆ, ಅದೂ ಗೆದ್ದವರ, ಅಂದರೆ ಇಕ್ಕೇರಿಯವರ, ಕಡೆಯಿಂದ. ಹೊಳೆ ಕಣ್ಣಾರೆ ಕಂಡದ್ದು, ರಾಣಿ ಕೇಳಿದ್ದು. ಒಂದೇ ಪುಸ್ತಕದ ಒಂದೇ ಅಧ್ಯಾಯದಲ್ಲಿ ಎರಡೂ ಇರುತ್ತವೆ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆ ಪಾಠ ಸಿಗಲಿಕ್ಕಿಲ್ಲ. ಮಿರ್ಜಾನ್ ಕೋಟೆ ನೋಡಲು ಕರೆದುಕೊಂಡು ಹೋಗುವುದಿದ್ದರೆ ಅಲ್ಲೂ ಇದೇ ಆಟ ಆಡಿಸಿ. ರಾಣಿ ಕಟ್ಟಿಸಿದ್ದು ಅನ್ನುವವರಿದ್ದಾರೆ, ಬಿಜಾಪುರದ ಸರದಾರ ಕಟ್ಟಿಸಿದ್ದು ಅನ್ನುವವರೂ ಇದ್ದಾರೆ. ವಿಡಿಯೋ ಮಾಡುವವರಿಗೆ ಮಾತ್ರ ಯಾವ ಅನುಮಾನವೂ ಇಲ್ಲ. ಗೇರುಸೊಪ್ಪೆಯ ಚತುರ್ಮುಖ ಬಸದಿಗೆ ಹೋಗುವುದಾದರೆ ಜಿಗಣೆ ಇಲ್ಲದ ತಿಂಗಳು ನೋಡಿಕೊಳ್ಳಿ.

ನಿಮ್ಮ ಹೊನ್ನಾವರಕ್ಕೇ ಇನ್ನೊಂದು. ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತ ಬಂದಾಗ ಅಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ನೋಡಿದೆ ಎಂದು ಬರೆದಿದ್ದಾನೆ. ಮಕ್ಕಳಿಗೆ ಓದಿ ಹೇಳಿ. ಹುಡುಗಿಯರು ಖುಷಿಪಡುತ್ತಾರೆ.

ಪ್ರಶ್ನೆ: ಹಳೆ ಪುಸ್ತಕದಂಗಡಿಯಲ್ಲಿ ಧನಂಜಯ ಕೀರ್ ಬರೆದ ಅಂಬೇಡ್ಕರ್ ಜೀವನಚರಿತ್ರೆ ಸಿಕ್ಕಿತು. ಯಾವ ಮುದ್ರಣವಾದರೂ ನಡೆಯುತ್ತದಾ?
(ಹಳಿಯಾಳ)

ಮುದ್ರಣದ ವರ್ಷ ನೋಡಿ. ಮೊದಲು ಬಂದದ್ದು 1954ರಲ್ಲಿ, ಅಂಬೇಡ್ಕರ್ ಬದುಕಿದ್ದಾಗಲೇ. ನಾಗಪುರದ ಬೌದ್ಧ ದೀಕ್ಷೆ 1956ರ ಅಕ್ಟೋಬರಿನಲ್ಲಿ, ತೀರಿಕೊಂಡದ್ದು ಅದೇ ಡಿಸೆಂಬರಿನಲ್ಲಿ. ಅವೆಲ್ಲ ಸೇರಿದ್ದು ಮುಂದಿನ ಆವೃತ್ತಿಯಲ್ಲಿ. ಓದಲು ಮುಂದಿನದು ತಗೊಳ್ಳಿ. ಮೊದಲನೆಯದೇ ಸಿಕ್ಕಿದ್ದರೆ ಯಾರಿಗೂ ಕೊಡಬೇಡಿ. ಕೀರ್ ನಮ್ಮ ಹಾಗೇ ಕರಾವಳಿಯವರು, ರತ್ನಾಗಿರಿಯವರು. ದೊಡ್ಡ ಡಿಗ್ರಿ ಇರಲಿಲ್ಲ, ಆದರೆ ಕಾಗದಪತ್ರ ಹುಡುಕುವ ಹಟ ಇತ್ತು.

ಪ್ರಶ್ನೆ: ಟಾಗೋರ್ ಕಾರವಾರದಲ್ಲಿ ಇದ್ದದ್ದು ನಿಜವಾ, ಬೀಚಿಗೆ ಹೆಸರಿಡಲು ಹೇಳಿದ ಕಥೆಯಾ?
(ಕೋಡಿಬಾಗ, ಕಾರವಾರ)

ನಿಜ. ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಬಂದಿದ್ದ ರವೀಂದ್ರರಿಗೆ ಆಗ ಇಪ್ಪತ್ತೆರಡು. ಅವರ ನೆನಪುಗಳ ಪುಸ್ತಕ ‘ಜೀವನಸ್ಮೃತಿ’ಯಲ್ಲಿ ಕಾರವಾರಕ್ಕೇ ಒಂದು ಅಧ್ಯಾಯ ಇದೆ, ಕಾಳಿ ನದಿಯ ದೋಣಿ ಪ್ರಯಾಣವೂ ಇದೆ. ಅದೇ 1883ರಲ್ಲಿ ಬ್ರಿಟಿಷರ ಮುಂಬೈ ಗೆಜೆಟಿಯರಿನ ಕೆನರಾ (ಉತ್ತರ ಕನ್ನಡ) ಸಂಪುಟವೂ ಅಚ್ಚಾಯಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಒಬ್ಬರಿಗೆ ಬೆಳದಿಂಗಳು ಕಂಡಿದೆ, ಇನ್ನೊಬ್ಬರಿಗೆ ಬಂದರಿನ ಆದಾಯ ಕಂಡಿದೆ.

ಪ್ರಶ್ನೆ: ದಿನಕರ ದೇಸಾಯಿಯವರನ್ನು ಕವಿ ಅನ್ನಬೇಕಾ, ರಾಜಕಾರಣಿ ಅನ್ನಬೇಕಾ?
(ಕುಮಟಾ)

ಚುಟುಕ ಎಲ್ಲರ ಬಾಯಲ್ಲಿದೆ, ಹಾಗಾಗಿ ಕವಿ ಗೆದ್ದುಬಿಟ್ಟರು. ಆದರೆ ಅವರು ಗೋಖಲೆಯವರು ಕಟ್ಟಿದ ಭಾರತ ಸೇವಕ ಸಮಾಜದವರು (ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ), ರೈತರ ಮತ್ತು ಕಾರ್ಮಿಕರ ನಡುವೆ ಕೆಲಸ ಮಾಡಿದವರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಈ ಜಿಲ್ಲೆಯ ಉದ್ದಕ್ಕೂ ಶಾಲೆ ತೆರೆದರು. ಕೆನರಾ ಕ್ಷೇತ್ರದಲ್ಲಿ 1952ರಿಂದ ಮೂರು ಸಲ ಕಾಂಗ್ರೆಸ್ಸಿನ ಜೋಕಿಂ ಆಳ್ವ ಗೆದ್ದಿದ್ದರು. 1967ರಲ್ಲಿ ಪಕ್ಷವೇ ಇಲ್ಲದೆ ನಿಂತ ದೇಸಾಯಿ ಲೋಕಸಭೆಗೆ ಹೋದರು. ಯಾವ ಪಕ್ಷದ್ದೂ ಅಲ್ಲದವರಿಗೆ ಒಂದು ತೊಂದರೆ ಇದೆ. ಜಯಂತಿಗೆ ಪುಸ್ತಕ ಅಚ್ಚು ಹಾಕಿಸಲು ಪಕ್ಷದ ಕಚೇರಿ ಇರುವುದಿಲ್ಲ. ಅವರ ರಾಜಕೀಯ ಬದುಕನ್ನು ಯಾರಾದರೂ ಪೂರ್ತಿ ಬರೆಯುವುದಾದರೆ ಕವಿತೆಯಿಂದ ಅಲ್ಲ, ಆ ಶಾಲೆಗಳ ಹಳೆ ಹಾಜರಿ ಪುಸ್ತಕದಿಂದ ಶುರುಮಾಡಲಿ. ಮೊದಲ ತಲೆಮಾರಿಗೆ ಶಾಲೆ ಕಂಡ ಮನೆಗಳ ಹೆಸರು ಅಲ್ಲಿ ಸಿಗುತ್ತವೆ.

ಪ್ರಶ್ನೆ: ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಜೀವನಚರಿತ್ರೆಗಳ ಫೋಟೋ ಪುಟಗಳಂತೂ ಅಂಟಿಕೊಂಡೇ ಹೋಗಿವೆ. ಉಪಾಯ ಏನು?
(ಗೋಕರ್ಣ)

ಫೋಟೋ ಪುಟಕ್ಕೆ ಹಾಕುವುದು ಆರ್ಟ್ ಪೇಪರ್. ಅದರ ಮೇಲಿನ ನುಣುಪು ಲೇಪ ತೇವ ಹಿಡಿದರೆ ಅಂಟಾಗುತ್ತದೆ. ಒಣಗಿದ ಮೇಲೆ ಬಿಡಿಸಲು ಹೋದರೆ ನಾಯಕರ ಮುಖ ಎದುರು ಪುಟಕ್ಕೆ ಬಂದುಬಿಡುತ್ತದೆ. ಇನ್ನೂ ಹಸಿ ಇದ್ದಾಗಲೇ ಒಂದೊಂದಾಗಿ ಬಿಡಿಸಿ, ನಡುವೆ ಬಿಳಿ ಕಾಗದ ಇಟ್ಟು, ಫ್ಯಾನಿನ ಕೆಳಗೆ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಇಡಬೇಡಿ, ರಟ್ಟು ಡೊಂಕಾಗುತ್ತದೆ. ಕಪಾಟನ್ನು ಪಡುವಣ ಗೋಡೆಗೆ ಒತ್ತಿ ಇಡಬೇಡಿ, ಹಿಂದೆ ಗಾಳಿಯಾಡಲು ನಾಲ್ಕು ಬೆರಳು ಜಾಗ ಬಿಡಿ. ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ. ಬೂಷ್ಟು ಬಂದಿದ್ದರೆ ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಣ ಬಟ್ಟೆಯಿಂದ ಒರೆಸಿ. ಒದ್ದೆ ಬಟ್ಟೆ ಬೇಡವೇ ಬೇಡ. ಆಗಲೇ ಪೂರ್ತಿ ಅಂಟಿ ಒಣಗಿರುವುದನ್ನು ಎಳೆಯದೆ ಹಾಗೇ ಬಿಡಿ. ಓದುವ ಪುಟಗಳು ಸಾದಾ ಕಾಗದದ್ದು, ಅವಕ್ಕೆ ಏನೂ ಆಗಿರುವುದಿಲ್ಲ.